ಯಾಕೆ ಬಂದ? ಯಾಕೆ ಹೋದ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಎನ್‌ಎಫ್‌ಎಲ್ ಫ್ಯಾಂಟಸಿ ಫುಟ್‌ಬಾಲ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಮೇಲೆ ಆಡುವ ಫ್ಯಾಂಟಸಿ ಫುಟ್‌ಬಾಲ್ ಆ್ಯಪ್‌ನಲ್ಲಿ ಕಾಣುವ ಟ್ರೆಂಡಿಂಗ್ ಪಟ್ಟಿ. ಯಾವ ಆಟಗಾರನನ್ನು ಎಷ್ಟು ಜನ ಎತ್ತಿಕೊಂಡರು, ಯಾರನ್ನು ಎಷ್ಟು ಜನ ಕೈಬಿಟ್ಟರು ಅನ್ನುವ ಲೆಕ್ಕ.

ನಾನು ಈ ಆಟಕ್ಕೆ ಬಂದದ್ದು 2012ರಲ್ಲಿ. ನಮ್ಮ ಮನೆಯವರ ಆಫೀಸಿನ ಲೀಗ್‌ಗೆ ಹತ್ತನೆಯವರು ಸಿಗಲಿಲ್ಲ, ನನ್ನ ಹೆಸರು ಸೇರಿಸಿದರು. ಅವರು ಆಡುವುದು ಬಿಟ್ಟು ವರ್ಷಗಳಾದವು. ನಾನು ಬಿಟ್ಟಿಲ್ಲ. ಮೊದಲ ವಾರದಿಂದಲೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪುಟದ ಎಡಗಡೆ ‘ಯಾಕೆ ಬಂದ’, ಬಲಗಡೆ ‘ಯಾಕೆ ಹೋದ’. ಪ್ರತಿ ಮಂಗಳವಾರ ಪಟ್ಟಿ ನೋಡಿ ಬರೆಯುತ್ತೇನೆ. ಕೆಳಗಿನ ಉತ್ತರಗಳಲ್ಲಿ ಬಹಳಷ್ಟು ಆ ಪುಸ್ತಕದಿಂದಲೇ ಬಂದಿವೆ.

ಪ್ರಶ್ನೆ: ಮೇಡಂ, ನಾನು ಈ ವರ್ಷವೇ ಲೀಗ್ ಸೇರಿದ್ದು. ಹಸಿರು ಬಾಣದ ಪಕ್ಕ ದೊಡ್ಡ ಸಂಖ್ಯೆ, ಕೆಂಪು ಬಾಣದ ಪಕ್ಕ ಇನ್ನೊಂದು ಸಂಖ್ಯೆ. ಇವು ಏನು ಹೇಳುತ್ತವೆ?

ಉತ್ತರ: ಮೊದಲು ಆಟದ ಕಟ್ಟು ಒಂದು ಮಾತಲ್ಲಿ. ಹತ್ತು ಅಥವಾ ಹನ್ನೆರಡು ಜನ ಸೇರಿ ಲೀಗ್ ಮಾಡಿಕೊಳ್ಳುತ್ತಾರೆ. ಎನ್‌ಎಫ್‌ಎಲ್‌ನ ನಿಜವಾದ ಆಟಗಾರರನ್ನು ಡ್ರಾಫ್ಟ್‌ನಲ್ಲಿ, ಅಂದರೆ ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಿ, ಹಂಚಿಕೊಳ್ಳುತ್ತಾರೆ. ಆ ಆಟಗಾರರು ನಿಜವಾದ ಪಂದ್ಯದಲ್ಲಿ ಆಡಿದ್ದಕ್ಕೆ ತಕ್ಕಂತೆ ನಿಮ್ಮ ತಂಡಕ್ಕೆ ಅಂಕ. ಒಂದು ಲೀಗ್‌ನಲ್ಲಿ ಒಬ್ಬ ಆಟಗಾರ ಒಂದೇ ತಂಡದಲ್ಲಿ ಇರಬಹುದು. ಯಾರ ತಂಡಕ್ಕೂ ಸೇರದೆ ಉಳಿದವರಿಂದ ಸೀಸನ್ ಉದ್ದಕ್ಕೂ ಆರಿಸಿಕೊಳ್ಳಬಹುದು. ಒಬ್ಬನನ್ನು ಸೇರಿಸಬೇಕು ಅಂದರೆ ನಿಮ್ಮ ಹತ್ತಿರ ಇರುವ ಒಬ್ಬನನ್ನು ಬಿಡಬೇಕು. ಈ ಸೇರಿಸುವುದು, ಬಿಡುವುದು ಸಾವಿರಾರು ಲೀಗ್‌ಗಳಲ್ಲಿ ನಡೆಯುತ್ತದಲ್ಲ, ಅದನ್ನೆಲ್ಲ ಕೂಡಿಸಿದ ಲೆಕ್ಕವೇ ಆ ಬಾಣದ ಪಕ್ಕದ ಸಂಖ್ಯೆ.

ಎಲ್ಲ ಆ್ಯಪ್‌ಗಳ ಲೆಕ್ಕ ಒಂದೇ ಅಲ್ಲ. ಸ್ಲೀಪರ್‌ನ ಟ್ರೆಂಡಿಂಗ್ ಪಟ್ಟಿ ಸಾಮಾನ್ಯವಾಗಿ ಹಿಂದಿನ 24 ಗಂಟೆಗಳದ್ದು. ಇಎಸ್‌ಪಿಎನ್‌ನಲ್ಲಿ ಒಬ್ಬ ಆಟಗಾರ ಶೇಕಡಾ ಎಷ್ಟು ಲೀಗ್‌ಗಳಲ್ಲಿ ಯಾರದೋ ತಂಡದಲ್ಲಿ ಇದ್ದಾನೆ, ಏಳು ದಿನದಲ್ಲಿ ಅದು ಎಷ್ಟು ಏರಿತು ಇಳಿಯಿತು ಅಂತ ತೋರಿಸುತ್ತಾರೆ. ಯಾಹೂ ದಿನದ ಲೆಕ್ಕ ಕೊಡುತ್ತದೆ. ಹಾಗಾಗಿ ಸ್ಲೀಪರ್‌ನಲ್ಲಿ ಮೇಲಿರುವ ಹೆಸರು ಇಎಸ್‌ಪಿಎನ್‌ನಲ್ಲಿ ಕೆಳಗಿದ್ದರೆ ಗಾಬರಿ ಬೇಡ. ಒಂದು ಇವತ್ತಿನದು, ಇನ್ನೊಂದು ವಾರದ್ದು, ಅಷ್ಟೇ.

ಇನ್ನೊಂದು ಮಾತು. ಹಸಿರು ಸಂಖ್ಯೆ ದೊಡ್ಡದಾಗಿ ಕಾಣಬೇಕಾದರೆ ಆ ಆಟಗಾರ ಮೊದಲು ಬಹಳ ಲೀಗ್‌ಗಳಲ್ಲಿ ಖಾಲಿ ಇರಬೇಕು. ಎಲ್ಲರ ತಂಡದಲ್ಲೂ ಆಗಲೇ ಇರುವ ದೊಡ್ಡ ಆಟಗಾರ ಈ ಪಟ್ಟಿಗೆ ಬರುವುದೇ ಇಲ್ಲ. ಅಂದರೆ ಇದು ಒಳ್ಳೆಯ ಆಟಗಾರರ ಪಟ್ಟಿಯಲ್ಲ. ನಿನ್ನೆ ಏನೋ ಬದಲಾಯಿತು ಅನ್ನುವ ಸುದ್ದಿಯ ಪಟ್ಟಿ.

ಪ್ರಶ್ನೆ: ಪ್ರತಿ ಮಂಗಳವಾರ ಪಟ್ಟಿಯ ಮೊದಲ ಹೆಸರನ್ನೇ ತೆಗೆದುಕೊಳ್ಳುತ್ತೇನೆ. ಭಾನುವಾರ ಆಡಿಸಿದರೆ ಮೂರು ಅಂಕ, ನಾಲ್ಕು ಅಂಕ. ನನ್ನ ಅದೃಷ್ಟವೇ ಹೀಗಾ, ಇಲ್ಲಾ ತಪ್ಪು ಮಾಡುತ್ತಿದ್ದೇನಾ?

ಉತ್ತರ: ನನ್ನ ನೋಟ್‌ಬುಕ್‌ನ ಮೊಟ್ಟಮೊದಲ ಸಾಲು ನಿಮಗೆ ಓದಿ ಹೇಳುತ್ತೇನೆ. ಸೆಪ್ಟೆಂಬರ್ 2012. ಸೀಸನ್‌ನ ಮೊದಲ ಪಂದ್ಯ, ಡಲ್ಲಾಸ್ ಕೌಬಾಯ್ಸ್ ಮತ್ತು ನ್ಯೂಯಾರ್ಕ್ ಜೈಂಟ್ಸ್. ಕೌಬಾಯ್ಸ್‌ನ ಕೆವಿನ್ ಓಗಲ್‌ಟ್ರೀ 8 ಕ್ಯಾಚ್, 114 ಯಾರ್ಡ್, 2 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು). ಪಂದ್ಯ ಮುಗಿಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಅವರ ಹೆಸರು. ನಾನೂ ಓಡಿ ಹೋಗಿ ತೆಗೆದುಕೊಂಡೆ. ‘ಯಾಕೆ ಬಂದ’ ಅನ್ನುವ ಕಡೆ ‘ಎರಡು ಟಚ್‌ಡೌನ್’ ಅಂತ ಬರೆದಿದ್ದೇನೆ. ಇಡೀ ಸೀಸನ್‌ನಲ್ಲಿ ಅವರು ಹಿಡಿದದ್ದು 32 ಕ್ಯಾಚ್, ಒಟ್ಟು 4 ಟಚ್‌ಡೌನ್. ಅಂದರೆ ವರ್ಷದ ಟಚ್‌ಡೌನ್‌ಗಳಲ್ಲಿ ಅರ್ಧದಷ್ಟು ಆ ಒಂದೇ ರಾತ್ರಿ ಮುಗಿದು ಹೋಗಿದ್ದವು.

ನಾನು ಬರೆದದ್ದು ಕಾರಣ ಆಗಿರಲಿಲ್ಲ. ಟಚ್‌ಡೌನ್ ಅನ್ನುವುದು ಫಲ. ಕಾರಣ ಅದರ ಹಿಂದೆ ಇರುತ್ತದೆ: ಮೈದಾನದಲ್ಲಿ ಎಷ್ಟು ಹೊತ್ತು ನಿಂತ, ಚೆಂಡು ಎಷ್ಟು ಸಲ ಅವನ ಕಡೆ ಬಂತು, ಮುಖ್ಯವಾಗಿ ಯಾರ ಜಾಗದಲ್ಲಿ ಆಡಿದ. ಆ ಜಾಗದವನು ಯಾವಾಗ ವಾಪಸ್ ಬರುತ್ತಾನೆ ಅನ್ನುವುದೂ ಇದರಲ್ಲೇ ಸೇರಿತು.

ಇದಕ್ಕೆ 2023ರ ಮೊದಲ ವಾರಕ್ಕಿಂತ ಒಳ್ಳೆಯ ಪಾಠ ಇಲ್ಲ. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಸಿಯಾಟಲ್‌ನಲ್ಲಿ ಆಡಿತು. ಅವರ ದೊಡ್ಡ ರಿಸೀವರ್ (ಎಸೆದ ಚೆಂಡು ಹಿಡಿಯುವವರು) ಕೂಪರ್ ಕಪ್ ತೊಡೆಯ ಸ್ನಾಯು ನೋವಿನಿಂದ ಗಾಯಾಳುಗಳ ಪಟ್ಟಿಯಲ್ಲಿದ್ದರು. ಆ ಪಟ್ಟಿಗೆ ಹೋದರೆ ಕಡಿಮೆಯೆಂದರೂ ನಾಲ್ಕು ಪಂದ್ಯ ಆಡುವಂತಿಲ್ಲ. ಆ ಖಾಲಿ ಜಾಗಕ್ಕೆ ಬಂದವರು ಪೂಕಾ ನಕೂವಾ. ತಂಡಗಳು ಹೊಸಬರನ್ನು ಆರಿಸುವ ಎನ್‌ಎಫ್‌ಎಲ್ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ, 177ನೆಯವರಾಗಿ ಆಯ್ಕೆಯಾದ ಹೊಸ ಹುಡುಗ. ಮೊದಲ ಪಂದ್ಯದಲ್ಲೇ 10 ಕ್ಯಾಚ್, 119 ಯಾರ್ಡ್. ಗಮನಿಸಿ, ಒಂದೂ ಟಚ್‌ಡೌನ್ ಇಲ್ಲ. ಆದರೆ ಚೆಂಡು ಮತ್ತೆ ಮತ್ತೆ ಅವರ ಕಡೆಗೇ ಬಂತು. ಎರಡನೇ ವಾರ 15 ಕ್ಯಾಚ್. ಸೀಸನ್ ಮುಗಿದಾಗ 105 ಕ್ಯಾಚ್, 1,486 ಯಾರ್ಡ್. ಎರಡೂ ಆಗ ಹೊಸ ಆಟಗಾರರ ದಾಖಲೆ. ಕಪ್ ವಾಪಸ್ ಬಂದ ಮೇಲೂ ನಕೂವಾ ಜಾಗ ಹೋಗಲಿಲ್ಲ.

ಅದೇ ಪಂದ್ಯದಲ್ಲಿ ಇನ್ನೊಂದು ಸಂಗತಿ ನಡೆಯಿತು. ನನಗೆ ಅದು ಇನ್ನೂ ಇಷ್ಟ. ಅದೇ ತಂಡದ ಇಬ್ಬರು ರನ್ನಿಂಗ್ ಬ್ಯಾಕ್‌ಗಳು, ಅಂದರೆ ಚೆಂಡು ಹಿಡಿದು ಓಡುವವರು. ಕ್ಯಾಮ್ ಏಕರ್ಸ್ 22 ಸಲ ಓಡಿದರು, ಸಿಕ್ಕಿದ್ದು 29 ಯಾರ್ಡ್. ಕೈರನ್ ವಿಲಿಯಮ್ಸ್ 15 ಸಲ ಓಡಿ 52 ಯಾರ್ಡ್, 2 ಟಚ್‌ಡೌನ್. ಬರೀ ಓಟದ ಸಂಖ್ಯೆ ನೋಡಿದವರು ಏಕರ್ಸ್ ಇನ್ನೂ ಮೊದಲನೆಯವರು ಅಂದುಕೊಂಡರು. ಸ್ನ್ಯಾಪ್ ಲೆಕ್ಕ, ಅಂದರೆ ಎಷ್ಟು ಸಲ ಆಟ ಶುರುವಾದಾಗ ಮೈದಾನದಲ್ಲಿದ್ದ ಅನ್ನುವುದನ್ನು, ನೋಡಿದವರಿಗೆ ಬೇರೆಯೇ ಕಂಡಿತು. ಮೈದಾನದಲ್ಲಿ ಜಾಸ್ತಿ ಹೊತ್ತು ಇದ್ದದ್ದು ವಿಲಿಯಮ್ಸ್. ಮುಂದಿನ ವಾರ ಏಕರ್ಸ್‌ರನ್ನು ಆಡಿಸಲೇ ಇಲ್ಲ, ಆಮೇಲೆ ಮಿನ್ನೆಸೋಟಾಕ್ಕೆ ಕಳಿಸಿದರು. ವಿಲಿಯಮ್ಸ್ 12 ಪಂದ್ಯಗಳಲ್ಲಿ 1,144 ಯಾರ್ಡ್ ಓಡಿದರು. ಆ ಮಂಗಳವಾರ ನನ್ನ ಪುಸ್ತಕದಲ್ಲಿ ಇಬ್ಬರ ಹೆಸರೂ ಇದೆ. ನಕೂವಾ ಎದುರು ‘ಕಪ್ ಜಾಗ, ನಾಲ್ಕು ಪಂದ್ಯ ಖಚಿತ’. ವಿಲಿಯಮ್ಸ್ ಎದುರು ‘ಸ್ನ್ಯಾಪ್ ಜಾಸ್ತಿ’. ನನಗೆ ಸಿಕ್ಕಿದ್ದು ವಿಲಿಯಮ್ಸ್ ಮಾತ್ರ. ಅದೂ ಸಂತೋಷವೇ.

ಒಂದೇ ದಿನದ ದೊಡ್ಡ ಆಟಕ್ಕೆ ಜನ ಹೇಗೆ ಮುಗಿಬೀಳುತ್ತಾರೆ ಅನ್ನುವುದಕ್ಕೆ 2014ರ ನವೆಂಬರ್ ನೆನಪಿಡಿ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಜೋನಸ್ ಗ್ರೇ, ಇಂಡಿಯಾನಾಪೊಲಿಸ್ ಎದುರು 37 ಓಟ, 201 ಯಾರ್ಡ್, 4 ಟಚ್‌ಡೌನ್. ಅಲ್ಲಿಯವರೆಗೆ ಎನ್‌ಎಫ್‌ಎಲ್‌ನಲ್ಲಿ ಅವರದು ಒಂದೂ ಟಚ್‌ಡೌನ್ ಇರಲಿಲ್ಲ. ಆ ವಾರವೇ ತಂಡ ಲೆಗರೆಟ್ ಬ್ಲೌಂಟ್‌ರನ್ನು ವಾಪಸ್ ಕರೆಸಿಕೊಂಡಿತು. ಗ್ರೇ ಒಂದು ದಿನ ಅಭ್ಯಾಸಕ್ಕೆ ತಡವಾಗಿ ಬಂದರು. ಮುಂದಿನ ಪಂದ್ಯದಲ್ಲಿ ಅವರಿಗೆ ಒಂದು ಓಟವೂ ಸಿಗಲಿಲ್ಲ. ಪೇಟ್ರಿಯಟ್ಸ್ ತಂಡ ಎದುರಾಳಿಗೆ ತಕ್ಕ ಹಾಗೆ ರನ್ನಿಂಗ್ ಬ್ಯಾಕ್‌ಗಳನ್ನು ಬದಲಾಯಿಸುವುದು ಆಗಲೇ ಎಲ್ಲರಿಗೂ ಗೊತ್ತಿತ್ತು. 201 ಯಾರ್ಡ್ ಕಣ್ಣಿಗೆ ಬಿದ್ದರೆ ಅದೆಲ್ಲ ಮರೆತು ಹೋಗುತ್ತದೆ.

ನಿಮ್ಮ ಅದೃಷ್ಟದ್ದೇನೂ ತಪ್ಪಿಲ್ಲ. ಪಟ್ಟಿಯ ಮೊದಲ ಹೆಸರಿನ ಮುಂದೆ ‘ಯಾಕೆ’ ಅಂತ ನಾಲ್ಕು ಪದ ಬರೆಯೋಕೆ ಆಗದಿದ್ದರೆ ಎರಡನೇ ಹೆಸರಿಗೆ ಹೋಗಿ.

ಪ್ರಶ್ನೆ: ಪಟ್ಟಿಗೆ ಬರುವ ಮೊದಲೇ ಆಟಗಾರನನ್ನು ಹಿಡಿಯೋದು ಹೇಗೆ? ನಾನು ನೋಡುವಷ್ಟರಲ್ಲಿ ಯಾರೋ ತೆಗೆದುಕೊಂಡಿರುತ್ತಾರೆ.

ಉತ್ತರ: ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಗುತ್ತಿದೆ ಅಲ್ವಾ? ಇದರಲ್ಲಿ ಗಡಿಯಾರದ ಪಾತ್ರ ದೊಡ್ಡದು.

ಬಹಳ ಲೀಗ್‌ಗಳಲ್ಲಿ ಯಾರ ತಂಡದಲ್ಲೂ ಇಲ್ಲದ ಆಟಗಾರನ ಪಂದ್ಯ ಶುರುವಾದ ಕೂಡಲೇ ಅವನು ವೇವರ್‌ಗೆ ಹೋಗುತ್ತಾನೆ, ಅಂದರೆ ತಕ್ಷಣ ಎತ್ತಿಕೊಳ್ಳುವಂತಿಲ್ಲ, ಕೋರಿಕೆ ಹಾಕಿ ಕಾಯಬೇಕು. ಆಮೇಲೆ ಮಂಗಳವಾರ ರಾತ್ರಿ ಕಳೆದು ಬುಧವಾರ ನಸುಕಿನಲ್ಲಿ ಎಲ್ಲರ ಕೋರಿಕೆಗಳನ್ನು ಒಟ್ಟಿಗೆ ತೆಗೆದು ತೀರ್ಮಾನ ಮಾಡುತ್ತಾರೆ. ಅದಾದ ಮೇಲೆ ಉಳಿದವರೆಲ್ಲ ಫ್ರೀ ಏಜೆಂಟ್, ಮೊದಲು ಕೈ ಹಾಕಿದವರಿಗೆ ಮೊದಲು. ಅಂದರೆ ಬುಧವಾರ ಬೆಳಿಗ್ಗೆಯಿಂದ ಭಾನುವಾರ ಪಂದ್ಯದವರೆಗೆ ನಾಲ್ಕು ದಿನ ಕೋರಿಕೆ ಹಾಕಿ ಕಾಯದೆ ನೇರವಾಗಿ ಆರಿಸಬಹುದು. ಜನ ಈ ನಾಲ್ಕು ದಿನ ಸುಮ್ನೆ ಬಿಡುತ್ತಾರೆ.

ಆ ದಿನಗಳಲ್ಲಿ ನೋಡಬೇಕಾದದ್ದು ಗಾಯದ ವರದಿ. ಭಾನುವಾರ ಆಡುವ ತಂಡಗಳು ಬುಧವಾರ, ಗುರುವಾರ, ಶುಕ್ರವಾರ ಯಾರು ಪೂರ್ತಿ ಅಭ್ಯಾಸ ಮಾಡಿದರು, ಯಾರು ಅರ್ಧ, ಯಾರು ಮಾಡಲೇ ಇಲ್ಲ ಅಂತ ಹೇಳಲೇಬೇಕು. ಬುಧವಾರದ ವಿಶ್ರಾಂತಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಹಿರಿಯ ಆಟಗಾರರಿಗೆ ಆ ದಿನ ಬಿಡುವು ಕೊಡುತ್ತಾರೆ. ಗುರುವಾರ ಇದ್ದು ಶುಕ್ರವಾರ ಇಲ್ಲದವನನ್ನು ಕಂಡರೆ ಮಾತ್ರ ಅವನ ಹಿಂದೆ ಯಾರಿದ್ದಾರೆ ಅಂತ ತಕ್ಷಣ ಹುಡುಕುತ್ತೇನೆ.

2024ರ ಮೊದಲ ವಾರ ಹೀಗೇ ಆಯಿತು. ಸ್ಯಾನ್ ಫ್ರಾನ್ಸಿಸ್ಕೊ ತಂಡ ಸೋಮವಾರ ರಾತ್ರಿ ಆಡಬೇಕಿತ್ತು. ಅವರ ಮುಖ್ಯ ರನ್ನಿಂಗ್ ಬ್ಯಾಕ್ ಕ್ರಿಶ್ಚಿಯನ್ ಮೆಕ್ಯಾಫ್ರಿ ಆಡುತ್ತಾರೆ ಅಂತಲೇ ಎಲ್ಲರೂ ನಂಬಿದ್ದರು. ಪಂದ್ಯಕ್ಕೆ 90 ನಿಮಿಷ ಮೊದಲು ಆಡದವರ ಪಟ್ಟಿ ಬರುತ್ತದೆ. ಅದರಲ್ಲಿ ಅವರ ಹೆಸರು ಇತ್ತು. ಅವರ ಬದಲಿಗೆ ಬಂದ ಜೋರ್ಡನ್ ಮೇಸನ್ 28 ಸಲ ಓಡಿ 147 ಯಾರ್ಡ್ ಗಳಿಸಿದರು. ಆ ರಾತ್ರಿ ಪಟ್ಟಿಯಲ್ಲಿ ಮೇಸನ್ ಮೇಲೇರುವ ಹೊತ್ತಿಗೆ ತಡವಾಗಿತ್ತು. ಮೆಕ್ಯಾಫ್ರಿ ಕಾಲು ನೋವಿನಿಂದ ಆಗಸ್ಟ್‌ನ ಬಹುಭಾಗ ಅಭ್ಯಾಸದಿಂದ ದೂರ ಇದ್ದದ್ದು ಗುಟ್ಟಾಗಿರಲಿಲ್ಲ. ಅದನ್ನು ನೋಡಿ ಬೆಂಚ್‌ನ ಕೊನೆಯ ಜಾಗ ಮೇಸನ್‌ಗೆ ಕೊಟ್ಟವರಿಗೆ ಅವರು ಬಿಟ್ಟಿಯಾಗಿ ಸಿಕ್ಕರು. ಮುಖ್ಯ ಆಟಗಾರನ ಬೆನ್ನಿಗಿರುವ ಇಂಥವನನ್ನು ಹ್ಯಾಂಡ್‌ಕಫ್ ಅನ್ನುತ್ತೇವೆ.

2020ರಲ್ಲಿ ಜಾಕ್ಸನ್‌ವಿಲ್ ಆಗಸ್ಟ್ 31ರಂದು ಲೆನರ್ಡ್ ಫೋರ್ನೆಟ್‌ರನ್ನು ತಂಡದಿಂದ ಬಿಟ್ಟಿತು. ಅಷ್ಟು ಹೊತ್ತಿಗೆ ಬಹಳಷ್ಟು ಡ್ರಾಫ್ಟ್ ಮುಗಿದಿದ್ದವು. ಆ ಜಾಗ ಸಿಕ್ಕಿದ್ದು ಜೇಮ್ಸ್ ರಾಬಿನ್ಸನ್ ಅನ್ನುವ ಹುಡುಗನಿಗೆ. ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಅವರನ್ನು ಯಾವ ತಂಡವೂ ಆರಿಸಿರಲಿಲ್ಲ. ಆ ವರ್ಷ 1,070 ಯಾರ್ಡ್ ಓಡಿದರು. ಅಲ್ಲಿ ಸುದ್ದಿ ಫೋರ್ನೆಟ್‌ರದು, ಲಾಭ ರಾಬಿನ್ಸನ್‌ರದು. ಹಾಗಾಗಿ ಕೆಂಪು ಬಾಣದ ಪಟ್ಟಿಯನ್ನು ನಾನು ಹಸಿರಿಗಿಂತ ಮೊದಲು ಓದುತ್ತೇನೆ. ಒಬ್ಬ ಹೋದ ಅಂದರೆ ಅವನ ಕೆಲಸ ಯಾರಿಗೋ ಸಿಕ್ಕಿರಲೇಬೇಕು.

ಪ್ರಶ್ನೆ: ನನ್ನ ಲೀಗ್‌ನಲ್ಲಿ ಫ್ಯಾಬ್ ಇದೆ, ಸೀಸನ್‌ಗೆ 100 ಡಾಲರ್. ಒಬ್ಬನಿಗೆ ಎಷ್ಟು ಹಾಕಬೇಕು?

ಉತ್ತರ: ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ಇದು ನಿಜವಾದ ದುಡ್ಡಲ್ಲ, ಆಟದ ದುಡ್ಡು. ಬೇಕಾದ ಆಟಗಾರನಿಗೆ ಎಲ್ಲರೂ ಗುಟ್ಟಾಗಿ ಬೆಲೆ ಬರೆಯುತ್ತಾರೆ. ಜಾಸ್ತಿ ಬರೆದವರಿಗೆ ಆಟಗಾರ. ಖರ್ಚಾದದ್ದು ವಾಪಸ್ ಬರುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಕೈ ಬಿಚ್ಚಿ ಖರ್ಚು ಮಾಡಿ ಅಂತ ನನ್ನ ಸಲಹೆ. ಮೊದಲ ವಾರ ಸಿಕ್ಕ ಆಟಗಾರ ಹದಿನೈದು-ಹದಿನಾರು ವಾರ ಅಂಕ ತರುತ್ತಾನೆ. ಅದೇ ಆಟಗಾರ ಹನ್ನೆರಡನೇ ವಾರ ಸಿಕ್ಕರೆ ಐದು ವಾರ. ಆದರೂ ಜನ ನಾಳೆಗೆ ಅಂತ ಇಟ್ಟು ಇಟ್ಟು ಡಿಸೆಂಬರ್‌ನಲ್ಲಿ 60 ಡಾಲರ್ ಕೈಯಲ್ಲೇ ಉಳಿಸಿಕೊಂಡಿರುತ್ತಾರೆ. 2018ರಲ್ಲಿ ಪಿಟ್ಸ್‌ಬರ್ಗ್‌ನ ಲೆವಿಯಾನ್ ಬೆಲ್ ಒಪ್ಪಂದಕ್ಕೆ ಸಹಿ ಹಾಕದೆ ಕೂತರು. ಮೊದಲ ಪಂದ್ಯದಲ್ಲೇ ಅವರ ಜಾಗದಲ್ಲಿ ಆಡಿದ ಜೇಮ್ಸ್ ಕಾನರ್ 31 ಓಟ, 135 ಯಾರ್ಡ್, 2 ಟಚ್‌ಡೌನ್. ನಮ್ಮ ಲೀಗ್‌ನಲ್ಲಿ ಕಾನರ್ ಖಾಲಿ ಇದ್ದರು. ಬೆಲ್ ಮುಂದಿನ ವಾರ ಬಂದೇ ಬರುತ್ತಾರೆ ಅಂತ ನಾನು 18 ಹಾಕಿದೆ. 41 ಹಾಕಿದವರಿಗೆ ಸಿಕ್ಕಿತು. ಬೆಲ್ ಆ ವರ್ಷ ಒಂದೂ ಪಂದ್ಯ ಆಡಲಿಲ್ಲ.

ಮುಖ್ಯ ಆಟಗಾರ ಇಡೀ ಸೀಸನ್ ಇಲ್ಲ, ಬಂದವನಿಗೆ ಜೊತೆಯಲ್ಲಿ ಪೈಪೋಟಿಯೂ ಇಲ್ಲ ಅಂತಾದರೆ ನಾನು 40ರಿಂದ 60 ಹಾಕುತ್ತೇನೆ. ಎರಡು ಮೂರು ವಾರದ ಜಾಗ ಆದರೆ 10ರಿಂದ 15. ಡಿಫೆನ್ಸ್‌ಗೆ (ಒಂದು ತಂಡದ ರಕ್ಷಣಾ ಪಡೆ ಇಡಿಯಾಗಿ), ಕಿಕ್ಕರ್‌ಗೆ (ಚೆಂಡು ಒದೆಯುವವನು) 1, ಲೀಗ್‌ನಲ್ಲಿ ಸೊನ್ನೆ ಬರೆಯಲು ಬಿಟ್ಟರೆ ಸೊನ್ನೆ. ಇನ್ನೊಂದು ಚಿಕ್ಕ ವಿಷಯ: 20 ಅಂತ ಬರೆಯಬೇಡಿ, 21 ಅಂತ ಬರೆಯಿರಿ. ಮನುಷ್ಯರ ಕೈ ದುಂಡನೆಯ ಸಂಖ್ಯೆಗೇ ಹೋಗುತ್ತದೆ. ಒಂದು ಡಾಲರ್‌ನಿಂದ ಗೆದ್ದದ್ದು ನನ್ನ ಪುಸ್ತಕದಲ್ಲಿ ಆರು ಸಲ ಇದೆ.

ಪ್ರಶ್ನೆ: ಅಕ್ಕ, ಎಲ್ಲರೂ ಬಿಡುತ್ತಿರುವ ಆಟಗಾರನನ್ನು ನಾನು ಮಾತ್ರ ಇಟ್ಟುಕೊಂಡಿರುವುದು ದಡ್ಡತನವಾ?

ಉತ್ತರ: ಅವನನ್ನು ಯಾಕೆ ಬಿಡುತ್ತಿದ್ದಾರೆ ಅಂತ ಮೊದಲು ನೋಡಿ, ತಂಗಿ.

ಕೆಂಪು ಪಟ್ಟಿಗೆ ಬರುವ ದಾರಿಗಳು ಬೇರೆ ಬೇರೆ. ಮಂಡಿಯ ಲಿಗಮೆಂಟ್ ಹರಿದು ಸೀಸನ್ ಮುಗಿದರೆ, ನಿಮ್ಮ ಲೀಗ್ ಒಂದೇ ಸೀಸನ್‌ದಾದರೆ, ಬಿಡಲೇಬೇಕು. ನಾಲ್ಕೈದು ವಾರದ ಗಾಯ ಆದರೆ ನಿಮ್ಮ ಲೀಗ್‌ನಲ್ಲಿ ಐಆರ್ ಜಾಗ, ಅಂದರೆ ಗಾಯಾಳುಗಳಿಗೆಂದೇ ಇರುವ ಜಾಗ, ಇದೆಯಾ ನೋಡಿ. ಇದ್ದರೆ ಅಲ್ಲಿಗೆ ಹಾಕಿ, ಬೆಂಚ್ ಖಾಲಿಯಾಗುತ್ತದೆ. ಎಷ್ಟೋ ಜನ ಈ ಜಾಗ ಇದೆ ಅನ್ನುವುದನ್ನೇ ಮರೆತು ಒಳ್ಳೆಯವರನ್ನು ಬಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ ಐದನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಬೈ ವಾರಗಳು. ತಂಡಕ್ಕೆ ರಜೆ ಇರುವ ವಾರ ಬೇರೆ ಯಾರನ್ನೋ ಆಡಿಸಲು ಜಾಗ ಬೇಕು ಅಂತ ಬಿಡುತ್ತಾರೆ. ಹಾಗೆ ಬಿದ್ದವರನ್ನು ನಾನು ಓಡಿ ಹೋಗಿ ಎತ್ತಿಕೊಳ್ಳುತ್ತೇನೆ. ಆಟಗಾರ ಬದಲಾಗಿಲ್ಲ, ಕ್ಯಾಲೆಂಡರ್ ಬದಲಾಗಿದೆ ಅಷ್ಟೇ.

ಕೊನೆಯದು ಸಿಟ್ಟು. ಎರಡು ವಾರ ಅಂಕ ಬರಲಿಲ್ಲ ಅಂತ ಬಿಡುವುದು. ಇದು ನನಗೆ ಚೆನ್ನಾಗಿ ಗೊತ್ತು. 2021ರಲ್ಲಿ ಡೆಟ್ರಾಯ್ಟ್ ಲಯನ್ಸ್‌ನ ಹೊಸ ರಿಸೀವರ್ ಆಮನ್-ರಾ ಸೇಂಟ್ ಬ್ರೌನ್ ನನ್ನ ಬೆಂಚ್‌ನಲ್ಲಿದ್ದರು. ತಂಡ ಸೋಲಿನ ಮೇಲೆ ಸೋಲು ಕಾಣುತ್ತಿತ್ತು. ಸೇಂಟ್ ಬ್ರೌನ್ ಮೊದಲ 11 ಪಂದ್ಯಗಳಲ್ಲಿ ಹಿಡಿದದ್ದು 39 ಕ್ಯಾಚ್. ಥ್ಯಾಂಕ್ಸ್‌ಗಿವಿಂಗ್ ದಿನದ ಪಂದ್ಯದಲ್ಲೂ ಏನೂ ಆಗಲಿಲ್ಲ. ಮನೆ ತುಂಬ ಜನ, ಟಿವಿ ಮುಂದೆಯೇ ಫೋನ್ ತೆಗೆದು ಅವರನ್ನು ಬಿಟ್ಟುಬಿಟ್ಟೆ. ಹತ್ತು ಸೆಕೆಂಡಿನ ಕೆಲಸ.

ಅದೇ ಪಂದ್ಯದಲ್ಲಿ ಲಯನ್ಸ್‌ನ ಡಿಆಂಡ್ರೆ ಸ್ವಿಫ್ಟ್ ಭುಜಕ್ಕೆ ಪೆಟ್ಟಾಗಿ ಹೊರಗೆ ಹೋದರು. ಸ್ವಿಫ್ಟ್ ರನ್ನಿಂಗ್ ಬ್ಯಾಕ್ ಆದರೂ ಪ್ರತಿ ಪಂದ್ಯದಲ್ಲಿ ಬಹಳ ಪಾಸ್ ಹಿಡಿಯುವವರು. ಆ ಪಾಸ್‌ಗಳು ಈಗ ಯಾರ ಕಡೆ ಹೋಗಬೇಕು? ನಾನು ಅದನ್ನು ಕಣ್ಣಾರೆ ಕಂಡೆ, ಆದರೆ ಕೇಳಿಕೊಳ್ಳಲಿಲ್ಲ. ಮುಂದಿನ ಪಂದ್ಯದಲ್ಲಿ ಸೇಂಟ್ ಬ್ರೌನ್ 10 ಕ್ಯಾಚ್ ಹಿಡಿದರು. ಕೊನೆಯ ಗಳಿಗೆಯಲ್ಲಿ ಲಯನ್ಸ್‌ಗೆ ಆ ವರ್ಷದ ಮೊದಲ ಗೆಲುವು ತಂದ ಟಚ್‌ಡೌನ್ ಕೂಡ ಅವರದೇ. ಆಮೇಲೆ ಪಾಸ್ ಹಿಡಿಯುವ ಇನ್ನೊಬ್ಬರು, ಟೈಟ್ ಎಂಡ್ ಟಿ.ಜೆ. ಹಾಕನ್‌ಸನ್ ಕೂಡ ಗಾಯವಾಗಿ ಹೋದರು. ಕೊನೆಯ 6 ಪಂದ್ಯಗಳಲ್ಲಿ ಸೇಂಟ್ ಬ್ರೌನ್ 51 ಕ್ಯಾಚ್, 560 ಯಾರ್ಡ್, 5 ಟಚ್‌ಡೌನ್. ನಮ್ಮ ಲೀಗ್ ಗೆದ್ದವರ ತಂಡದಲ್ಲಿ ಅವರಿದ್ದರು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರಲ್ಲ, ಅದೇ. ಅಂದಿನಿಂದ ಪಂದ್ಯ ನಡೆಯುವ ದಿನ ನಾನು ಯಾರನ್ನೂ ಬಿಡುವುದಿಲ್ಲ. ಮರುದಿನ ಬೆಳಿಗ್ಗೆ ‘ಯಾಕೆ ಹೋದ’ ಅಂತ ಬರೆಯಲು ಕೂತಾಗ ಪೆನ್ ಮುಂದೆ ಹೋಗದಿದ್ದರೆ ಆ ಆಟಗಾರ ಉಳಿದ. ನಿಮ್ಮ ಆಟಗಾರನಿಗೆ ಚೆಂಡು ಹಿಂದಿನಷ್ಟೇ ಬರುತ್ತಿದ್ದು ಅಂಕ ಮಾತ್ರ ಬರುತ್ತಿಲ್ಲ ಅಂದರೆ ಇಟ್ಟುಕೊಳ್ಳಿ. ಮೈದಾನಕ್ಕೇ ಇಳಿಸುತ್ತಿಲ್ಲ ಅಂದರೆ ಬಿಡಿ.

ಪ್ರಶ್ನೆ: ಈ ವಾರ ಮೇಲಿನ ಪಟ್ಟಿಯಲ್ಲಿದ್ದ ಡಿಫೆನ್ಸ್ ಮುಂದಿನ ವಾರ ಕೆಳಗಿನ ಪಟ್ಟಿಯಲ್ಲಿ. ಏನಾಗುತ್ತದೆ ಅವರಿಗೆ?

ಉತ್ತರ: ಏನೂ ಆಗುವುದಿಲ್ಲ. ದುರ್ಬಲ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಎದುರು ಆಡುವ ಡಿಫೆನ್ಸ್‌ನ್ನು ಒಂದು ವಾರಕ್ಕೆ ತರುತ್ತಾರೆ, ಮುಗಿದ ಮೇಲೆ ಬಿಡುತ್ತಾರೆ. ಸ್ಟ್ರೀಮಿಂಗ್ ಅನ್ನುತ್ತಾರೆ ಇದಕ್ಕೆ. ಬಾಡಿಗೆ ಮನೆಯ ಹಾಗೆ. ಪಟ್ಟಿ ಓದುವಾಗ ಡಿಫೆನ್ಸ್, ಕಿಕ್ಕರ್ ಹೆಸರುಗಳನ್ನು ಹೊಡೆದು ಹಾಕಿ, ಆಮೇಲೆ ಉಳಿದದ್ದನ್ನು ನೋಡಿ.

ಪ್ರಶ್ನೆ: ಆ್ಯಪ್ ಇಲ್ಲದ ಕಾಲದಲ್ಲಿ ಈ ಆಟ ಇತ್ತಾ?

ಉತ್ತರ: ಇತ್ತು. ಓಕ್ಲೆಂಡ್ ರೈಡರ್ಸ್ ತಂಡದಲ್ಲಿ ಪಾಲು ಹೊಂದಿದ್ದ ಬಿಲ್ ವಿಂಕನ್‌ಬಾಕ್ 1962ರಲ್ಲಿ ನ್ಯೂಯಾರ್ಕ್‌ನ ಒಂದು ಹೋಟೆಲ್‌ನಲ್ಲಿ ಸ್ನೇಹಿತರ ಜೊತೆ ಕೂತು ನಿಯಮ ಬರೆದರು. ಮುಂದಿನ ವರ್ಷ ಓಕ್ಲೆಂಡ್‌ನ ಅವರ ಮನೆಯಲ್ಲಿ ಮೊದಲ ಡ್ರಾಫ್ಟ್. ಎಂಟು ತಂಡ. ಮೊದಲು ಆಯ್ಕೆಯಾದವರು ಜಾರ್ಜ್ ಬ್ಲಾಂಡಾ. ಅಂಕವೆಲ್ಲ ಕೈಯಲ್ಲೇ ಲೆಕ್ಕ.

ಪ್ರಶ್ನೆ: ನಮ್ಮ ಲೀಗ್‌ನಲ್ಲಿ ಕೊನೆಯ ಸ್ಥಾನದಲ್ಲಿದ್ದ ಒಬ್ಬರು ನವೆಂಬರ್‌ನಲ್ಲಿ ಒಂದೇ ರಾತ್ರಿ ಮೂವರು ಒಳ್ಳೆಯ ಆಟಗಾರರನ್ನು ಬಿಟ್ಟರು. ಅವರ ಗೆಳೆಯನಿಗೆ ಮೂವರೂ ಸಿಕ್ಕರು. ನಾನು ಲೀಗ್ ನೋಡಿಕೊಳ್ಳುವ ಕಮಿಷನರ್. ಏನು ಮಾಡಲಿ?

ಉತ್ತರ: ಆ ಮೂವರನ್ನೂ ವಾಪಸ್ ಹಾಕಿ. ಕಮಿಷನರ್‌ಗೆ ಆ ಅಧಿಕಾರ ಇದೆ, ಇಂಥ ರಾತ್ರಿಗೆಂದೇ ಕೊಟ್ಟಿದ್ದಾರೆ. ಇಎಸ್‌ಪಿಎನ್, ಯಾಹೂ ಎರಡರಲ್ಲೂ ಬಿಡಲಾಗದ ಆಟಗಾರರ ಪಟ್ಟಿ ಅಂತ ಒಂದಿದೆ. ಅದರಲ್ಲಿರುವುದು ಅತಿ ದೊಡ್ಡ ಹೆಸರುಗಳು ಮಾತ್ರ, ಮಧ್ಯದವರನ್ನು ಅದು ಕಾಯುವುದಿಲ್ಲ.

ಆ ವ್ಯಕ್ತಿಗೆ ಮೊದಲು ಫೋನ್ ಮಾಡಿ. ಗುಂಪಿನಲ್ಲಿ ಮೆಸೇಜ್ ಬೇಡ. ಬೇಸರದಲ್ಲಿ ಬಿಟ್ಟಿರಬಹುದು, ಗೆಳೆಯನಿಗೆ ಸಿಕ್ಕಿದ್ದು ಬರೀ ವೇವರ್ ಸರದಿಯಿಂದ ಇರಬಹುದು. ಬೇಕಂತಲೇ ಮಾಡಿದ್ದರೂ ಆಟಗಾರರು ವಾಪಸ್ ಬರಲೇಬೇಕು, ಬೇಕಂತ ಮಾಡದಿದ್ದರೂ ಬರಲೇಬೇಕು. ಹತ್ತು ಜನ ಮೂರು ತಿಂಗಳು ಕೊಟ್ಟ ಶ್ರಮ ಇದು. ಮುಂದಿನ ಆಗಸ್ಟ್‌ನಲ್ಲಿ ಡ್ರಾಫ್ಟ್‌ಗೆ ಮೊದಲು ಒಂದು ನಿಯಮ ಬರೆದು ಎಲ್ಲರಿಂದ ಒಪ್ಪಿಗೆ ತೆಗೆದುಕೊಳ್ಳಿ: ಪ್ಲೇಆಫ್‌ನಿಂದ (ಕೊನೆಯ ನಾಕೌಟ್ ಸುತ್ತಿನಿಂದ) ಹೊರಬಿದ್ದ ತಂಡ ಆಮೇಲೆ ಯಾರನ್ನೂ ಬಿಡುವಂತಿಲ್ಲ, ಗಾಯವಾದವರನ್ನು ಹೊರತುಪಡಿಸಿ.

ಪ್ರಶ್ನೆ: ಒಬ್ಬ ಆಟಗಾರ ನೋವಿನಿಂದ ನೆಲದ ಮೇಲೆ ಬಿದ್ದಿದ್ದಾಗ ನಾನು ಫೋನ್‌ನಲ್ಲಿ ಅವನ ಬದಲಿ ಯಾರು ಅಂತ ಹುಡುಕುತ್ತಿದ್ದೆ. ನನ್ನ ಮಗಳು ಅದನ್ನು ನೋಡಿ ‘ನಿನಗೆ ಬೇಜಾರಾಗಲ್ವಾ’ ಅಂತ ಕೇಳಿದಳು. ಉತ್ತರ ತೋಚಲಿಲ್ಲ.

ಉತ್ತರ: ಈ ಪತ್ರ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಿಮ್ಮ ಮಗಳು ಸರಿಯಾಗಿಯೇ ಕೇಳಿದ್ದಾಳೆ.

ಮೇಲೆ ನಾನು ಬರೆದ ಹೆಸರುಗಳನ್ನೇ ನೋಡಿ. ಕೆಲವರಿಗೆ ಅವಕಾಶ ಸಿಕ್ಕಿದ್ದು ಇನ್ನೊಬ್ಬರಿಗೆ ಗಾಯವಾಗಿದ್ದಕ್ಕೆ. ಈ ಆಟದಲ್ಲಿ ಅದನ್ನು ತಪ್ಪಿಸಲು ಆಗುವುದಿಲ್ಲ.

2023ರ ಜನವರಿ 2, ಸೋಮವಾರ ರಾತ್ರಿ. ಸಿನ್ಸಿನಾಟಿಯಲ್ಲಿ ಬಫಲೋ ಬಿಲ್ಸ್ ಮತ್ತು ಬೆಂಗಾಲ್ಸ್ ಪಂದ್ಯ. 17ನೇ ವಾರ, ಅಂದರೆ ಬಹಳ ಲೀಗ್‌ಗಳ ಫೈನಲ್. ನಮ್ಮದೂ ಫೈನಲ್, ನಾನೂ ಇದ್ದೆ. ನನ್ನ ಹತ್ತಿರ ಜಮಾರ್ ಚೇಸ್, ಎದುರಾಳಿ ಹತ್ತಿರ ಜೋಶ್ ಅಲೆನ್. ಮೊದಲ ಕ್ವಾರ್ಟರ್‌ನಲ್ಲಿ ಬಿಲ್ಸ್‌ನ ಡಾಮಾರ್ ಹ್ಯಾಮ್ಲಿನ್ ಒಬ್ಬರನ್ನು ತಡೆದು, ಎದ್ದು ನಿಂತು, ಹಾಗೇ ಹಿಂದಕ್ಕೆ ಬಿದ್ದರು. ಹೃದಯ ನಿಂತಿತ್ತು. ಮೈದಾನದಲ್ಲೇ ಎದೆ ಒತ್ತಿ ಉಳಿಸಿದರು. ಪಂದ್ಯ ಅಲ್ಲಿಗೇ ನಿಂತಿತು, ಮತ್ತೆ ನಡೆಯಲಿಲ್ಲ. ಅವರು ಮಕ್ಕಳಿಗೆ ಆಟಿಕೆ ಕೊಡಿಸಲು ಹಿಂದೆ ಶುರು ಮಾಡಿದ್ದ ನಿಧಿಗೆ ಜನ 80 ಲಕ್ಷ ಡಾಲರ್‌ಗಿಂತ ಹೆಚ್ಚು ಕೊಟ್ಟರು. ಅವರು ಅದೇ ವರ್ಷದ ಮುಂದಿನ ಸೀಸನ್‌ನಲ್ಲಿ ಮತ್ತೆ ಆಡಿದರು.

ಆ ರಾತ್ರಿ ಎದುರಾಳಿಯಿಂದ ನನಗೆ ಫೋನ್ ಬಂತು. ಅಂಕದ ಮಾತು ಇಬ್ಬರೂ ಎತ್ತಲಿಲ್ಲ. ಮರುದಿನ ಇಬ್ಬರ ಹೆಸರನ್ನೂ ವಿಜೇತರು ಅಂತ ಬರೆಯಿರಿ ಅಂದೆವು. ನನ್ನ ಪುಸ್ತಕದಲ್ಲಿ ಆ ಮಂಗಳವಾರ ಏನೂ ಬರೆದಿಲ್ಲ.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಯಾರಾದರೂ ಬಿದ್ದರೆ ಫೋನ್ ಕೆಳಗಿಡುತ್ತೇನೆ. ಅವರು ಎದ್ದು ನಡೆಯುವವರೆಗೆ, ಇಲ್ಲಾ ಸುದ್ದಿ ಬರುವವರೆಗೆ ಮುಟ್ಟುವುದಿಲ್ಲ. ವೇವರ್ ಹೇಗೂ ಬುಧವಾರದ್ದು, ನಷ್ಟ ಏನೂ ಇಲ್ಲ. ಮಗಳಿಗೆ ಹೇಳಿ: ಬೇಜಾರಾಗುತ್ತೆ, ನೀನು ಕೇಳಿದ್ದು ಒಳ್ಳೆಯದಾಯಿತು ಅಂತ. ಮುಂದಿನ ಭಾನುವಾರ ಅವಳೂ ಪಕ್ಕದಲ್ಲಿ ಕೂರಲಿ.

ಪ್ರಶ್ನೆ: ನಾನು 11 ಪಂದ್ಯಗಳಲ್ಲಿ 2 ಗೆದ್ದಿದ್ದೇನೆ. ಪ್ಲೇಆಫ್ ಇಲ್ಲ. ಇನ್ನೂ ಪ್ರತಿ ಮಂಗಳವಾರ ಪಟ್ಟಿ ನೋಡಬೇಕಾ?

ಉತ್ತರ: ನೋಡಿ, ದಯವಿಟ್ಟು ನೋಡಿ. ಉಳಿದ ಮೂರು ವಾರ ನಿಮ್ಮ ಎದುರು ಆಡುವವರಲ್ಲಿ ಯಾರೋ ಒಬ್ಬರ ಪ್ಲೇಆಫ್ ಜಾಗ ನಿಮ್ಮ ತಂಡದ ಮೇಲೆ ನಿಂತಿರುತ್ತದೆ. ಬೈ ವಾರದಲ್ಲಿರುವವನನ್ನು ಹಾಗೇ ಆಡಿಸಿ ಸೊನ್ನೆ ತೆಗೆದರೆ ಅವರ ಪಕ್ಕದವರಿಗೆ ಅನ್ಯಾಯ. ಈ ವಾರ ನಿಮ್ಮ ತಂಡದಲ್ಲಿ ಯಾರಿಗೆ ಬೈ ಇದೆ ಅಂತ ಇವತ್ತೇ ನೋಡಿಬಿಡಿ. ನಿಮ್ಮ ಹತ್ತಿರ ಉಳಿದಿರುವ 73 ಡಾಲರ್ ಬಗ್ಗೆ ಪತ್ರದ ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಈ ಮಂಗಳವಾರವೇ ಖರ್ಚು ಮಾಡಿ.